ಚಿತ್ರ ಬರೆದ ಕೈಗೂ ಒಂದು ಹುಟ್ಟುಹಬ್ಬ ಬೇಕೇ?

ಕಳೆದ ಚಳಿಗಾಲದಲ್ಲಿ ತಿಕೋಟಾದ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಅಂದು ಅವರ ಮೊಮ್ಮಗನಿಗೆ ಏಳು ವರ್ಷ ತುಂಬಿತ್ತು. ವಿಜಯಪುರದ ಬೇಕರಿಯಿಂದ ತರಿಸಿದ ಕೇಕು ನಡುಮನೆಯಲ್ಲಿತ್ತು. ಅದರ ಮೇಲೆ ಕೆಂಪು-ನೀಲಿ ಉಡುಪಿನ ಸ್ಪೈಡರ್‌ಮ್ಯಾನ್. ಹುಡುಗನಿಗೆ ಅದನ್ನು ಕತ್ತರಿಸಲು ಮನಸ್ಸಿಲ್ಲ. ಸ್ಪೈಡರ್‌ಮ್ಯಾನ್‌ನ ಮುಖಕ್ಕೆ ಚಾಕು ತಾಗಬಾರದೆಂದು ಅಂಚಿನ ಕ್ರೀಮನ್ನಷ್ಟೇ ಕೊಯ್ದ.

"ಇಷ್ಟು ಚಂದ ಚಿತ್ರ ಯಾರು ತಗದಾರೊ?" ಎಂದು ಕೇಳಿದೆವು.

"ಬೇಕರ್ಯಾಗ ಮಷೀನ್ ತಗೀತೈತ್ರಿ ಕಾಕಾ" ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಮೂಲೆಯಲ್ಲಿ ಕೂತಿದ್ದ ಸ್ನೇಹಿತರ ತಾಯಿ ನಕ್ಕರು. "ಆಯಿ, ನಿಮ್ಮ ಹುಟ್ಟಿದ ದಿನ ಯಾವಾಗ್ರಿ?" ಎಂದು ಅವರನ್ನೂ ಕೇಳಿದೆವು. "ಜ್ವಾಳದ ರಾಶಿ ನಡದಿತ್ತಂತ, ಕಣಕ್ಕ ಸುದ್ದಿ ಹೋತಂತ. ತಾರೀಖು ಯಾರು ಬರದಿಟ್ಟಾರ್ರಿ?" ಎಂದರು. ಅವರ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಅವರ ಮಗನದು, ಅಂದರೆ ನಮ್ಮ ಸ್ನೇಹಿತರದು, ಶಾಲಾ ದಾಖಲೆಯ ಪ್ರಕಾರ ಜೂನ್ 1. ಮಗುವನ್ನು ಶಾಲೆಗೆ ಹಚ್ಚುವಾಗ ತಂದೆಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್ ಮಾಸ್ತರರು ಬರೆದುಕೊಳ್ಳುತ್ತಿದ್ದ ದಿನ ಅದು. ತಿಕೋಟಾ ಇರಲಿ, ಬಬಲೇಶ್ವರ ಇರಲಿ, ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಒಂದು ತಲೆಮಾರಿನ ಬಹಳಷ್ಟು ಮಂದಿ ಜೂನ್ 1ರಂದೇ ಹುಟ್ಟಿದವರು!

ಒಂದೇ ಮನೆಯಲ್ಲಿ ಮೂರು ತಲೆಮಾರು. ಒಬ್ಬರಿಗೆ ಹುಟ್ಟಿದ ದಿನವೇ ಇಲ್ಲ, ಇನ್ನೊಬ್ಬರದು ಮಾಸ್ತರರು ಕೊಟ್ಟದ್ದು, ಮೂರನೆಯವನಿಗೆ ಕೇಕು. ಮನೆಗೆ ಮರಳುವಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು: ಆ ಹುಡುಗನ ಹಬ್ಬಕ್ಕೆ ಸಂತೋಷ ತಂದ ಆ ಚಿತ್ರವನ್ನು ಮೊದಲು ಬರೆದವನಿಗೂ ಒಂದು ಹುಟ್ಟಿದ ದಿನ ಇದ್ದಿರಬೇಕಲ್ಲ? ಅದನ್ನು ನೆನೆಯುವುದು ನಮ್ಮ ಕರ್ತವ್ಯವೇ? ಅಥವಾ ಅದು ಇನ್ನೊಂದು ವ್ಯಕ್ತಿಪೂಜೆಯೇ?

ವ್ಯಕ್ತಿಪೂಜೆಯ ಭಯ ಸುಳ್ಳಲ್ಲ. ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ನೋಡಿದರೆ ಸಾಕು, ಯಾರದಾದರೂ ಹುಟ್ಟುಹಬ್ಬದ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ನಟರದು, ನಾಯಕರದು, ನಾಯಕರ ಹಿಂಬಾಲಕರದು. ಇದು ಬರೀ ಕಣ್ಣಿಗೆ ಕಿರಿಕಿರಿಯಾಗಿ ಮುಗಿಯುವುದಿಲ್ಲ. 2024ರ ಜನವರಿ 8ರಂದು ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಅದಕ್ಕಾಗಿ ನಡುರಾತ್ರಿ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ಆ ನಟರು ಅದೇ ದಿನ ಊರಿಗೆ ಬಂದು ಮನೆಯವರನ್ನು ಕಂಡರು, ಇಂಥ ಅಭಿಮಾನ ತಮಗೆ ಬೇಡವೆಂದು ಕೈಮುಗಿದು ಕೇಳಿಕೊಂಡರು. ಆದರೆ ಆ ಮೂರು ತಾಯಂದಿರ ಪಾಲಿಗೆ ಜನವರಿ 8 ಇನ್ನು ಯಾರ ಹುಟ್ಟುಹಬ್ಬವೂ ಅಲ್ಲ.

ಮುಸ್ಲಿಂ ಸಮುದಾಯದಲ್ಲಂತೂ ಹುಟ್ಟುಹಬ್ಬದ ಬಗ್ಗೆ ಹಳೆಯ ಚರ್ಚೆಯೇ ಇದೆ. ಕೇಕು ಕೊಯ್ಯುವುದು ಸರಿಯೇ, ಜೀವಿಗಳ ಚಿತ್ರ ಬರೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಸೂಫಿಗಳ ದರ್ಗಾಗಳಲ್ಲಿ ನಡೆಯುವ ಉರುಸು ಹುಟ್ಟಿದ ದಿನದ್ದಲ್ಲ, ತೀರಿಕೊಂಡ ದಿನದ್ದು. ಉರುಸು ಎಂದರೆ ಮದುವೆ. ಒಬ್ಬ ಮನುಷ್ಯ ಏನಾದ ಎಂಬುದು ಅವನು ಹುಟ್ಟಿದಾಗ ಗೊತ್ತಾಗುವುದಿಲ್ಲ, ಬಾಳಿ ಮುಗಿಸಿದ ಮೇಲೆಯೇ ಗೊತ್ತಾಗುವುದು ಎಂಬ ತಿಳಿವು ಅದರಲ್ಲಿದೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ತೀರ್ಪನ್ನು ವಿದ್ವಾಂಸರಿಗೆ ಬಿಡೋಣ. ಆದರೆ ಜನರಿಗೆ ಕೃತಜ್ಞನಾಗದವನು ದೇವರಿಗೂ ಕೃತಜ್ಞನಾಗಲಾರ ಎಂಬರ್ಥದ ಪ್ರವಾದಿ ವಚನವನ್ನು ಎಲ್ಲರೂ ಒಪ್ಪುತ್ತಾರೆ. ನಮ್ಮ ಪ್ರಶ್ನೆ ಕೇಕಿನದಲ್ಲ, ಈ ಕೃತಜ್ಞತೆಯದು.

ಇಲ್ಲಿ ಇನ್ನೊಂದು ತೊಡಕಿದೆ. ಕೆಲವರಿಗೆ ಈ ಸ್ಮರಣೆಯೇ ಬೇಡ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದರು. ತಮಗೆ ಗುಡಿ ಬೇಡ, ಸ್ಮಾರಕ ಬೇಡ, ದೇಹವನ್ನು ಸುಟ್ಟು ಬೂದಿಯನ್ನು ನೀರಿಗೆ ಬಿಡಿ ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹಾಗೆಯೇ ಆಯಿತು. ವಿಚಿತ್ರವೆಂದರೆ ಆ ಕೇಕಿನ ಮೇಲಿನ ಸ್ಪೈಡರ್‌ಮ್ಯಾನ್‌ನನ್ನು ಮೊದಲು ಬರೆದವರದೂ ಸುಮಾರು ಇದೇ ಸ್ವಭಾವ. ಅವರ ಹೆಸರು ಸ್ಟೀವ್ ಡಿಟ್ಕೊ. ಹುಟ್ಟಿದ್ದು 1927ರ ನವೆಂಬರ್ 2ರಂದು, ಅಮೆರಿಕದಲ್ಲಿ. 1962ರಲ್ಲಿ ಸ್ಟ್ಯಾನ್ ಲೀ ಅವರ ಕಥೆಗೆ ಆ ಉಡುಪು, ಮುಖ ಪೂರ್ತಿ ಮುಚ್ಚುವ ಆ ಮುಸುಕು, ಕೈಯಿಂದ ಚಿಮ್ಮುವ ಆ ಬಲೆಗೆ ರೂಪ ಕೊಟ್ಟವರು. ಮುಂದೆ ಸ್ಟ್ಯಾನ್ ಲೀ ಸಿನಿಮಾಗಳಲ್ಲಿ ಮುಖ ತೋರಿಸಿ ಜಗತ್ತಿಗೆಲ್ಲ ಪರಿಚಿತರಾದರು. ಡಿಟ್ಕೊ ದಶಕಗಳ ಕಾಲ ಸಂದರ್ಶನವನ್ನೇ ಕೊಡಲಿಲ್ಲ. ತಾವು ಬರೆದದ್ದೇ ಮಾತಾಡಲಿ ಎಂಬ ನಿಲುವು ಅವರದು. 2018ರಲ್ಲಿ ನ್ಯೂಯಾರ್ಕಿನ ಕೋಣೆಯೊಂದರಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು.

ಇಂಥವರ ಹುಟ್ಟುಹಬ್ಬ ಮಾಡಿದರೆ ಅವರ ಮಾತು ಮೀರಿದಂತಾಗದೇ? ಗದ್ದಲ ಮಾಡಿದರೆ ಖಂಡಿತ ಆಗುತ್ತದೆ. ಆದರೆ ತಾನಾಗಿ ಹೆಸರು ಬೇಡವೆನ್ನುವುದು ಬೇರೆ, ಹೆಸರನ್ನು ಬೇರೆಯವರು ಅಳಿಸಿಹಾಕುವುದು ಬೇರೆ. ಮೊದಲನೆಯದು ದೊಡ್ಡತನ. ಎರಡನೆಯದು ಅನ್ಯಾಯ. ಅದು ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ಊರಿನ ಚಿತ್ರಕಾರರ ಗತಿಯನ್ನು ನೋಡಿದರೆ ಸಾಕು.

1570ರಲ್ಲಿ, ಒಂದನೇ ಅಲಿ ಆದಿಲ್ ಶಾಹಿಯ ಕಾಲದಲ್ಲಿ, ಅಂದಿನ ಬಿಜಾಪುರದಲ್ಲಿ 'ನುಜೂಮ್-ಉಲ್-ಉಲೂಮ್' ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ನಕ್ಷತ್ರ, ಗ್ರಹ, ಮಂತ್ರ-ತಂತ್ರ, ಆನೆ-ಕುದುರೆ, ಆಯುಧ ಎಲ್ಲವೂ ಅದರಲ್ಲಿವೆ. ಗ್ರಹಗಳಿಗೆ ಮನುಷ್ಯರೂಪ, ಕಾಣದ ಶಕ್ತಿಗಳಿಗೆ ಹತ್ತಾರು ಕೈಗಳು. ಇಸ್ಲಾಮೀ ಜಗತ್ತಿನ ತಿಳಿವಳಿಕೆ ಮತ್ತು ಇಲ್ಲಿನ ನೆಲದ ನಂಬಿಕೆ ಒಂದೇ ಪುಟದಲ್ಲಿ ಕೂಡಿವೆ. ಆ ಕಾಲದ ವಿಜ್ಞಾನವೂ ಅದೇ, ಆ ಕಾಲದ ವಿಸ್ಮಯವೂ ಅದೇ. ನೂರಾರು ಚಿತ್ರಗಳ ಆ ಹೊತ್ತಗೆ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಸುಲ್ತಾನನ ಹೆಸರು ನಮಗೆ ಗೊತ್ತು. ಚಿತ್ರ ಬರೆದವರ ಹೆಸರು ಗೊತ್ತಿಲ್ಲ.

ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಕಾಲದ ಕಥೆಯೂ ಹೆಚ್ಚು ಬೇರೆಯಲ್ಲ. ಆ ಕಾಲದ ಬಿಜಾಪುರದ ಚಿತ್ರಗಳನ್ನು ಇಂದು ಜಗತ್ತು ಬೆರಗಾಗಿ ನೋಡುತ್ತದೆ. ಹಲವು ಚಿತ್ರಗಳ ಮೇಲೆ ಸಹಿ ಇಲ್ಲ. ಕೈ ಗುರುತಿಸಿದ ವಿದ್ವಾಂಸರಿಗೆ ಕರೆಯಲು ಒಂದು ಹೆಸರಾದರೂ ಬೇಕಿತ್ತು. ಚಿತ್ರ ಈಗ ಎಲ್ಲಿದೆಯೋ ಆ ಸ್ಥಳದ ಹೆಸರನ್ನೇ ಇಟ್ಟರು. ಒಬ್ಬ 'ಡಬ್ಲಿನ್ ಚಿತ್ರಕಾರ', ಇನ್ನೊಬ್ಬ ಆಕ್ಸ್‌ಫರ್ಡಿನ ಗ್ರಂಥಾಲಯದಿಂದಾಗಿ 'ಬಾಡ್ಲಿಯನ್ ಚಿತ್ರಕಾರ'. ನಮ್ಮ ಊರಿನ ಬೀದಿಗಳಲ್ಲಿ ಓಡಾಡಿದ, ನಮ್ಮ ಬಾವಿಗಳ ನೀರು ಕುಡಿದ ಮನುಷ್ಯನನ್ನು ಇಂದು ಕರೆಯುವುದು ಅವನು ಕಂಡೇ ಇರದ ಊರಿನ ಹೆಸರಿನಿಂದ. ಮಾಸ್ತರರು ಕೊಟ್ಟ ಜೂನ್ 1ರ ಹಾಗೆಯೇ ಇದು. ಬೇರೆಯವರು ಕನಿಕರಿಸಿ ದಾಖಲೆಗೆ ಕೊಟ್ಟ ಗುರುತು.

ಹೆಸರು ಉಳಿದ ಒಂದು ಚಿತ್ರವೂ ಇದೆ. 1680ರ ಸುಮಾರಿಗೆ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು ಬಿಜಾಪುರದ ಒಂಬತ್ತು ಸುಲ್ತಾನರನ್ನು ಒಂದೇ ಚಿತ್ರದಲ್ಲಿ ಕೂಡಿಸಿದರು. ಸುಮಾರು ಇನ್ನೂರು ವರ್ಷಗಳ ಅಂತರದಲ್ಲಿ ಬಾಳಿದವರು ಅಲ್ಲಿ ಒಂದೇ ಸಭೆಯಲ್ಲಿದ್ದಾರೆ. ನಡುವೆ ಮನೆತನದ ಸ್ಥಾಪಕ ಯೂಸುಫ್, ಅವನಿಗೆ ಅಧಿಕಾರದ ಕೀಲಿಕೈ ಕೊಡುತ್ತಿರುವ ಇರಾನಿನ ಶಾ. ಇನ್ನೊಂದು ತುದಿಗೆ ಕೊನೆಯ ಸುಲ್ತಾನ, ಹುಡುಗ ಸಿಕಂದರ್. ಎಂದೂ ನಡೆಯದ, ನಡೆಯಲಾಗದ ಸಭೆ ಅದು. ಇಂದಿನ ವಿಜ್ಞಾನ ಕಥೆಗಾರ ಇದನ್ನು ಬರೆಯಬೇಕಾದರೆ ಒಂದು ಕಾಲಯಂತ್ರ ಬೇಕಾಗುತ್ತದೆ. ಆ ಇಬ್ಬರಿಗೆ ಕುಂಚವೇ ಸಾಕಾಯಿತು. ಕೆಲವೇ ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬನ ಸೇನೆಗೆ ಬಿಜಾಪುರ ಶರಣಾಯಿತು. ರಾಜ್ಯ ಹೋಯಿತು, ಚಿತ್ರ ಉಳಿದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಚಿತ್ರಕಾರರ ಹೆಸರನ್ನಾದರೂ ಬಲ್ಲೆವು, ಅವರು ಹುಟ್ಟಿದ ದಿನ ಯಾವ ಪುಸ್ತಕದಲ್ಲೂ ಇಲ್ಲ.

ಅದು ರಾಜರ ಕಾಲ, ಕಲಾವಿದನಿಗೆ ಬೆಲೆ ಇರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದೇ? ಪ್ರಜಾಪ್ರಭುತ್ವದ ಕಾಲವೂ ಹೆಚ್ಚು ಭಿನ್ನವಾಗಿ ನಡೆದುಕೊಂಡಿಲ್ಲ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಬಡ ಯುವಕರು. 1938ರಲ್ಲಿ ಅದರ ಎಲ್ಲ ಹಕ್ಕುಗಳನ್ನು 130 ಡಾಲರಿಗೆ ಬರೆದುಕೊಟ್ಟರು. ಆ ಪಾತ್ರದಿಂದ ಕೋಟಿಗಟ್ಟಲೆ ಹಣ ಹರಿಯಿತು. ಚಿತ್ರ ಬರೆದ ಶುಸ್ಟರ್ ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತ ಬಡತನದಲ್ಲೇ ಮುದುಕರಾದರು. 1975ರಲ್ಲಿ ಇತರ ಕಲಾವಿದರು ದನಿ ಎತ್ತಿದ ಮೇಲಷ್ಟೇ ಕಂಪನಿ ವರ್ಷಕ್ಕೆ 20,000 ಡಾಲರ್ ಕೊಡಲು ಒಪ್ಪಿತು, ಅವರ ಹೆಸರನ್ನು ಮತ್ತೆ ಅಚ್ಚು ಹಾಕಿತು. ಆ 130 ಡಾಲರ್ ಕೊಟ್ಟ ಹಳೆಯ ಚೆಕ್ಕು 2012ರಲ್ಲಿ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು! ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು. ಕೊಟ್ಟ ಕೂಲಿಗಿಂತ ಕೂಲಿಯ ಚೀಟಿಗೆ ಹೆಚ್ಚು ಬೆಲೆ ಬಂತು. ಇಂಥವರ ಹುಟ್ಟುಹಬ್ಬಕ್ಕೆ ಕೇಕು ಕೊಯ್ಯುವವರು ಮೊದಲು ಈ ಲೆಕ್ಕವನ್ನು ಓದಬೇಕು.

ಕನ್ನಡದ ಮಕ್ಕಳಿಗೂ ಇಂಥ ಋಣಗಳಿವೆ. ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ 'ಚಂದಮಾಮ' ಕೊಂಡ ನಮ್ಮ ತಲೆಮಾರಿನವರಿಗೆ ಬೇತಾಳನನ್ನು ಹೆಗಲ ಮೇಲೆ ಹೊತ್ತು, ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರ ಇಂದಿಗೂ ಕಣ್ಣಮುಂದಿದೆ. ಅದನ್ನು ಬರೆದವರು ಕೆ.ಸಿ. ಶಿವಶಂಕರನ್. 1924ರಲ್ಲಿ ಹುಟ್ಟಿ, 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಅವರಿಲ್ಲದಾಗ. ಬಾಳಿದ್ದಾಗ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು?

'ಅಮರ ಚಿತ್ರಕಥೆ'ಯ ಅನಂತ ಪೈ ಕಾರ್ಕಳದವರು. ಜನನ 1929ರ ಸೆಪ್ಟೆಂಬರ್ 17. ಅವರು ತೀರಿಕೊಂಡ ವರ್ಷವೇ, 2011ರ ಸೆಪ್ಟೆಂಬರ್ 17ರಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಹುಟ್ಟುಹಬ್ಬವನ್ನು ನೆನೆಯಿತು. ಒಳ್ಳೆಯದೇ. ಆದರೆ ಪೈ ಅವರು ಸಂಪಾದಕರು, ಕಥೆ ರೂಪಿಸಿದವರು. ಪುಟಪುಟಕ್ಕೂ ಬೆನ್ನು ಬಗ್ಗಿಸಿ ಬರೆದ ರಾಮ್ ವಾಯೀರ್‌ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಂ ಅವರನ್ನು ಯಾರು ನೆನೆಯುತ್ತಾರೆ? ಆ ಮಾಲೆ 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯತ್ನದಿಂದ ಮೊದಲು ಕನ್ನಡದಲ್ಲಿ ಶುರುವಾಯಿತೆಂಬುದು ಕನ್ನಡಿಗರಿಗೇ ಮರೆತಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಕೃತಜ್ಞತೆ ಎಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. 'ಅಮರ ಚಿತ್ರಕಥೆ' ನಮ್ಮ ಬಿಜಾಪುರವನ್ನು ಆಳಿದ ಚಾಂದ್ ಬೀಬಿಯನ್ನೂ ಮಕ್ಕಳ ಮುಂದೆ ವೀರಳಾಗಿ ನಿಲ್ಲಿಸಿತು, ನಿಜ. ಅದೇ ಮಾಲೆಯ ಹಲವು ಪುಸ್ತಕಗಳಲ್ಲಿ ಮುಸ್ಲಿಂ ಅರಸರನ್ನು, ಕಪ್ಪು ಮೈಬಣ್ಣದವರನ್ನು, ಹೆಂಗಸರನ್ನು ಚಿತ್ರಿಸಿದ ರೀತಿಯ ಬಗ್ಗೆ ವಿದ್ವಾಂಸರು ಆಕ್ಷೇಪ ಎತ್ತಿದ್ದಾರೆ. ಅದೂ ನಿಜ. ಏಳು ವರ್ಷದ ಮಗುವಿನ ಕಣ್ಣಿಗೆ ಬಿದ್ದ ಚಿತ್ರ ಎಪ್ಪತ್ತರವರೆಗೂ ಇರುತ್ತದೆ. ಆದ್ದರಿಂದಲೇ ಬರೆದವರು ಯಾರೆಂದು ತಿಳಿಯಬೇಕು. ಹೆಸರು ಗೊತ್ತಿದ್ದರೆ ಮೆಚ್ಚಲೂಬಹುದು, ಪ್ರಶ್ನಿಸಲೂಬಹುದು. ಹೆಸರಿಲ್ಲದ ಚಿತ್ರ ಸತ್ಯವೇ ಇರಬೇಕೆಂದು ಮಗು ನಂಬಿಬಿಡುತ್ತದೆ.

ವಿಜ್ಞಾನ ಕಥೆಗಳ ಕಡೆ ಬಂದರೆ ನಮ್ಮ ಮನಸ್ಸಿಗೆ ಹತ್ತಿರವಾದ ಹುಟ್ಟುಹಬ್ಬ ಒಂದಿದೆ. ಡಿಸೆಂಬರ್ 9. ಬೇಗಂ ರೊಕೆಯಾ 1880ರಲ್ಲಿ ಈಗಿನ ಬಾಂಗ್ಲಾದೇಶದ ಪೈರಾಬಂದ್‌ನಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸದ ಮನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ಕಲಿಸಿದ. 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅವರ 'ಸುಲ್ತಾನಾಳ ಕನಸು' ಅಚ್ಚಾಯಿತು. ಅದರಲ್ಲಿ ಹೆಂಗಸರು ನಡೆಸುವ ದೇಶ, ಹೆಂಗಸರಿಗಾಗಿ ಎರಡು ವಿಶ್ವವಿದ್ಯಾಲಯಗಳು. ಒಂದು ಆಕಾಶಕ್ಕೆ ಬಲೂನು ಬಿಟ್ಟು ಮೋಡದ ನೀರನ್ನು ಎಳೆದುಕೊಳ್ಳುವ ವಿದ್ಯೆ ಕಂಡುಹಿಡಿಯುತ್ತದೆ, ಇನ್ನೊಂದು ಬಿಸಿಲನ್ನು ಕೂಡಿಟ್ಟು ಬಳಸುವ ವಿದ್ಯೆ. ರೊಕೆಯಾ ತೀರಿಕೊಂಡದ್ದೂ 1932ರ ಡಿಸೆಂಬರ್ 9ರಂದೇ. ಬಾಂಗ್ಲಾದೇಶ ಆ ದಿನವನ್ನು ರೊಕೆಯಾ ದಿನವೆಂದು ಆಚರಿಸುತ್ತದೆ. ಆ ಹೆಸರಿನಲ್ಲಿ ಮಹಿಳೆಯರ ಏಳಿಗೆಗೆ ದುಡಿದವರನ್ನು ಗೌರವಿಸುತ್ತದೆ.

ವಿಜಯಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಈ ಕಥೆ ಕಥೆಯಾಗಿ ಕಾಣುವುದಿಲ್ಲ. ಅಥಣಿ ರಸ್ತೆಯಲ್ಲಿ ತೊರವಿ ಬರುತ್ತದೆ. ಇಬ್ರಾಹಿಂ ಆದಿಲ್ ಶಾಹಿ ಸಂಗೀತಕ್ಕಾಗಿ, ಕಲೆಗಳಿಗಾಗಿ ನವರಸಪುರವೆಂಬ ಊರನ್ನೇ ಕಟ್ಟಲು ಹೊರಟ ಜಾಗ. ಅಲ್ಲೇ ಈಗ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯವಿದೆ, ಅಕ್ಕಮಹಾದೇವಿಯ ಹೆಸರಿನಲ್ಲಿ. ಮುಂದೆ ತಿಕೋಟಾದ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು. ಬಬಲೇಶ್ವರದ ಕಡೆ ಏತ ನೀರಾವರಿಯ ಕೊಳವೆಗಳು ಕೃಷ್ಣೆಯ ನೀರನ್ನು ಎತ್ತರದ ಬರದ ನೆಲಕ್ಕೆ ತಂದಿವೆ. ಮಳೆಗಾಗಿ ಆಕಾಶ ನೋಡಿಯೇ ಮುದುಕರಾದ ನಮ್ಮ ಹಿರಿಯರಿಗೆ, ನೀರು ಗುಡ್ಡ ಹತ್ತಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅದೂ ಒಂದು ಕಟ್ಟುಕಥೆಯೇ ಆಗಿರುತ್ತಿತ್ತು. ಯಾವುದೇ ಕೆಲಸವನ್ನು ಯಾರಾದರೂ ಮೊದಲು ಮನಸ್ಸಿನಲ್ಲಿ ಕಾಣಬೇಕು. ಕಂಡವರನ್ನು ಹುಚ್ಚರೆಂದು ನಕ್ಕು, ಆಮೇಲೆ ನೀರು ಕುಡಿಯುವಾಗ ಅವರನ್ನು ಮರೆಯುವುದು ನಮ್ಮ ರೂಢಿ.

"ಮಷೀನ್ ತಗೀತೈತ್ರಿ" ಎಂದ ಆ ಹುಡುಗನ ಮಾತನ್ನು ನಾವು ನಕ್ಕು ಬಿಡುವಂತಿಲ್ಲ. 2025ರ ಮಾರ್ಚ್‌ನಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ತಮ್ಮ ಫೋಟೊ ಬದಲಿಸಿಕೊಳ್ಳುವ ಗೀಳು ಲೋಕವನ್ನೇ ಹಿಡಿಯಿತು. ನಮ್ಮ ಹುಡುಗರೂ ಗೋಳಗುಮ್ಮಟದ ಮುಂದಿನ ಫೋಟೊಗಳನ್ನು ಹಾಗೆ ಮಾಡಿ ಹಂಚಿದರು. ಅದು ಹಯಾವೊ ಮಿಯಾಝಾಕಿ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಕೈಯಿಂದ ಬರೆದು ಸಾಧಿಸಿದ ಶೈಲಿ ಎಂದು ಎಷ್ಟು ಜನರಿಗೆ ಗೊತ್ತಿತ್ತು? ಯಂತ್ರ ತಾನಾಗಿ ಏನನ್ನೂ ಕಾಣಲಿಲ್ಲ. ಮನುಷ್ಯರು ಕಂಡು ಬರೆದದ್ದನ್ನು ನೋಡಿಯೇ ಕಲಿಯಿತು. ಬರೆದ ಕೈಯನ್ನು ಮರೆತ ಸಮಾಜಕ್ಕೆ ಆ ಕೈಗೆ ಸಲ್ಲಬೇಕಾದ ಕೂಲಿಯೂ ಮರೆತುಹೋಗುತ್ತದೆ. ಕೊನೆಗೆ ಬರೆಯುವ ಮಕ್ಕಳೇ ಇಲ್ಲವಾಗುತ್ತಾರೆ.

ಹಾಗಾದರೆ ಹುಟ್ಟುಹಬ್ಬ ಬೇಕೇ? ಬೇಕು ಎನ್ನುತ್ತೇವೆ, ಋಣ ನೆನೆಯುವ ದಿನವಾಗಿ. ಇದಕ್ಕೆ ಮಾದರಿಯೂ ನಮ್ಮ ಊರಲ್ಲೇ ಇದೆ. ವಿಜಯಪುರದಲ್ಲಿ ಬಾಳಿದ ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿದರು, ಮುದ್ರಣಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರು ಹುಟ್ಟಿದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ದಿನ ಅವರದು, ಹೆಸರು ಅವರು ಮಾಡಿದ ಕೆಲಸದ್ದು. ಇದು ಸರಿಯಾದ ದಾರಿ.

ಚಿತ್ರ ಬರೆದ ಕೈಗಳಿಗೂ ಹೀಗೊಂದು ದಿನ ಬೇಕಾದರೆ ನಮಗೆ ಹೊಳೆಯುವುದು ಜೂನ್ 1. ಶಾಲೆಗಳು ಶುರುವಾಗುವ ಹೊತ್ತು ಅದು. ಹುಟ್ಟಿದ ದಿನ ಗೊತ್ತಿಲ್ಲದ ನಮ್ಮ ಹಿರಿಯರೆಲ್ಲರ ದಿನ. 'ಡಬ್ಲಿನ್ ಚಿತ್ರಕಾರ'ನಿಗೂ, 'ನುಜೂಮ್' ಬರೆದ ಕೈಗಳಿಗೂ, ಕಮಾಲ್ ಮತ್ತು ಚಾಂದ್ ಮುಹಮ್ಮದರಿಗೂ ಬೇರೆ ಯಾವ ತಾರೀಖು ಹುಡುಕೋಣ? ಹೆಡ್ ಮಾಸ್ತರರು ಅವರನ್ನೂ ಅದೇ ದಿನಕ್ಕೆ ಬರೆದುಕೊಳ್ಳಲಿ. ಅಂದು ತಿಕೋಟಾ, ಬಬಲೇಶ್ವರದ ಶಾಲೆಗಳಲ್ಲಿ ಕೇಕು ಬೇಡ, ಫ್ಲೆಕ್ಸ್ ಬೇಡ. ಪ್ರತಿ ಮಗುವಿಗೆ ಒಂದು ಹಾಳೆ, ಒಂದು ಪೆನ್ಸಿಲು. ಮನಸ್ಸಿಗೆ ಬಂದದ್ದನ್ನು ಬರೆಯಲಿ. ಗೋಳಗುಮ್ಮಟ ಹಾರಲಿ, ದ್ರಾಕ್ಷಿ ಬಳ್ಳಿ ಚಂದ್ರನಿಗೆ ಮುಟ್ಟಲಿ. ಕೆಳಗೆ ತನ್ನ ಹೆಸರು, ಊರು, ತಾರೀಖು ಬರೆಯುವುದನ್ನು ಮಾತ್ರ ಮಾಸ್ತರರು ತಪ್ಪದೆ ಕಲಿಸಲಿ. "ಓದೂದು ಬಿಟ್ಟು ಚಿತ್ರ ತಗೀತಾನ" ಎಂದು ಆ ಒಂದು ದಿನವಾದರೂ ನಾವ್ಯಾರೂ ಬಯ್ಯದಿರೋಣ.

ಅಂದು ಹೊರಡುವ ಮುನ್ನ ಆ ಹುಡುಗನಿಗೆ ಸ್ಟೀವ್ ಡಿಟ್ಕೊ ಅವರ ಹೆಸರು ಹೇಳಿದೆವು. ಎರಡು ಸಲ ಹೇಳಿಸಿಕೊಂಡು, "ಅವರೂ ಸಣ್ಣಾವ್ರಿದ್ದಾಗ ಚಿತ್ರ ತಗೀತಿದ್ರೇನ್ರಿ?" ಎಂದ. ತೆಗೆಯುತ್ತಿದ್ದರೆಂದೆವು. ಒಳಗೆ ಓಡಿಹೋಗಿ ಗಣಿತದ ನೋಟು ತಂದ. ಕೊನೆಯ ಹಾಳೆಯಲ್ಲಿ ಬಲೆಯ ಬದಲು ದ್ರಾಕ್ಷಿ ಬಳ್ಳಿ ಹಿಡಿದು ಜೋತಾಡುವ ಒಬ್ಬ ಹುಡುಗನ ಚಿತ್ರವಿತ್ತು. ಮಾಸ್ತರರು ಕೆಂಪು ಮಸಿಯಲ್ಲಿ ಅದರ ಮೇಲೆ ಗೀರು ಎಳೆದಿದ್ದರು. ಹೆಸರು ಎಲ್ಲಿ ಎಂದು ಕೇಳಿದೆವು. ಆಯಿಯ ಪಕ್ಕ ಕೂತು, ಗೀರು ಇಲ್ಲದ ಮೂಲೆಯೊಂದನ್ನು ಹುಡುಕಿ, ನಿಧಾನವಾಗಿ ತನ್ನ ಹೆಸರು ಬರೆದ.